ಗ್ಲೋರಿಯಾ ಸ್ಟೈನಮ್ ಪುಸ್ತಕ ಹಿಡಿದು ನಾಲ್ಕು ಭಾನುವಾರ ಕೂತು ಮಾತಾಡುವುದು ಹೇಗೆ

ನಮ್ಮ ಓದುಗರ ಗುಂಪಿನ ಮೊದಲ ಭಾನುವಾರ ನಲವತ್ತು ನಿಮಿಷ ನಾನೊಬ್ಬಳೇ ಮಾತಾಡಿದೆ. ಅಮೆರಿಕದ ಮಹಿಳಾ ಹೋರಾಟಗಾರ್ತಿ ಸ್ಟೈನಮ್ ಹುಟ್ಟಿದ್ದು, ಓದಿದ್ದು, ಹೋರಾಡಿದ್ದು, ಎಲ್ಲಾ. ಎದುರಿಗಿದ್ದ ಹನ್ನೊಂದು ಜನ ತಲೆ ಆಡಿಸಿದರು, ಕಾಫಿ ಕುಡಿದರು, "ತುಂಬಾ ಚೆನ್ನಾಗಿತ್ತು ಮೇಡಂ" ಅಂದು ಹೊರಟರು. ಮುಂದಿನ ಸಲ ಬಂದಿದ್ದು ಐದು ಜನ. ಮೂರನೇ ಸಲ ನಾನು, ನನ್ನ ನಾದಿನಿ, ಮತ್ತೆ ಮಿಕ್ಕಿದ ನಿಪ್ಪಟ್ಟು.

ತಮಾಷೆ ಏನಪ್ಪಾ ಅಂದರೆ, ನಾವು ಹಿಡಿದಿದ್ದ ಅವಳ ಪುಸ್ತಕ ಇರುವುದೇ ಕೇಳಿಸಿಕೊಳ್ಳುವುದರ ಬಗ್ಗೆ.

ವರ್ಷ ಬಿಟ್ಟು ಅದೇ ಪುಸ್ತಕ ಇಟ್ಟುಕೊಂಡು ಬೇರೆ ಗುಂಪು ಕಟ್ಟಿದೆ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮ ಮನೆ ಮಹಡಿ, ಭಾನುವಾರ ಮಧ್ಯಾಹ್ನ ಮೂರರಿಂದ ಐದು. ಈ ಸಲ ನಾಲ್ಕು ವಾರವೂ ಹತ್ತು ಜನ ಬಂದರು. ತಿಪಟೂರಿನಿಂದ, ಮಧುಗಿರಿಯಿಂದ ಗೆಳತಿಯರು ಫೋನ್ ಮಾಡಿ "ನಮ್ಮೂರಲ್ಲೂ ಮಾಡ್ಬೇಕು, ಹೇಗೆ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಹೆಜ್ಜೆ 1: ಪುಸ್ತಕದ ಬಗ್ಗೆ ಒಂದೇ ಒಂದು ಪುಟದ ಚೀಟಿ

ಪುಸ್ತಕದ ಹೆಸರು ‘ಮೈ ಲೈಫ್ ಆನ್ ದಿ ರೋಡ್’. ಬಂದಿದ್ದು 2015ರಲ್ಲಿ. ನನ್ನ ನಲವತ್ತು ನಿಮಿಷದ ಭಾಷಣ ಒಂದು ಪುಟದಲ್ಲಿ ಹಿಡಿಯುತ್ತದೆ ಅಂತ ಎರಡನೇ ಸಲ ಗೊತ್ತಾಯಿತು. ಅದನ್ನು ಕನ್ನಡದಲ್ಲಿ ಬರೆದು ಒಂದು ವಾರ ಮೊದಲೇ ವಾಟ್ಸಾಪಿಗೆ ಹಾಕಿ. ನಾನು ಹಾಕಿದ್ದು ಇಷ್ಟು:

ಗ್ಲೋರಿಯಾ ಸ್ಟೈನಮ್ ಹುಟ್ಟಿದ್ದು 1934ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಟೊಲಿಡೊದಲ್ಲಿ. ಅಪ್ಪನಿಗೆ ಒಂದು ಕಡೆ ನಿಲ್ಲುವ ಕಾಲಲ್ಲ. ಚಳಿಗಾಲ ಬಂತೆಂದರೆ ಸಂಸಾರವನ್ನೇ ಕಾರಿನ ಹಿಂದಿನ ಟ್ರೇಲರ್ ಮನೆಗೆ ತುಂಬಿಕೊಂಡು ಹೊರಡುತ್ತಿದ್ದ, ದಾರಿಯುದ್ದಕ್ಕೂ ಹಳೇ ಸಾಮಾನು ಕೊಂಡು ಮಾರುತ್ತಿದ್ದ. ಅಮ್ಮ ಮೊದಲು ಪತ್ರಕರ್ತೆ. ಶುರುವಿನಲ್ಲಿ ಗಂಡಸಿನ ಹೆಸರಲ್ಲಿ ಬರೆಯುತ್ತಿದ್ದವಳು. ಆಮೇಲೆ ಮನಸ್ಸಿನ ಕಾಯಿಲೆ ಹಿಡಿಯಿತು. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮನನ್ನು ನೋಡಿಕೊಂಡವಳು ಈ ಹುಡುಗಿಯೇ. 1956ರಲ್ಲಿ ಡಿಗ್ರಿ ಮುಗಿಸಿ, ಫೆಲೋಶಿಪ್ ಹಿಡಿದು ಭಾರತಕ್ಕೆ ಬಂದು ಸುಮಾರು ಎರಡು ವರ್ಷ ಇದ್ದಳು. ವಾಪಸ್ ಹೋಗಿ ಪತ್ರಕರ್ತೆಯಾದಳು. 1970ರ ದಶಕದ ಮೊದಲಲ್ಲಿ ಗೆಳತಿಯರ ಜೊತೆ ‘ಮಿಜ್’ (Ms.) ಅನ್ನುವ ಹೆಂಗಸರ ಪತ್ರಿಕೆ ಶುರು ಮಾಡಿದಳು. ಅಲ್ಲಿಂದ ಮುಂದಕ್ಕೆ ಊರೂರು ತಿರುಗಿ ಹೆಂಗಸರನ್ನು ಸಂಘಟಿಸಿದ್ದೇ ಅವಳ ಜೀವನ.

ಇಷ್ಟು ಸಾಕು. ಇನ್ನು ನೀವು ಬಾಯಿ ಮುಚ್ಚಿಕೊಂಡಿರಬಹುದು.

ಹೆಜ್ಜೆ 2: ಇಂಗ್ಲಿಷ್ ಪುಸ್ತಕ, ಕನ್ನಡದ ಓದುಗರು

ಜಾಸ್ತಿ ಕಷ್ಟ ಇರುವುದು ಇಲ್ಲಿ. ನಾವು ಓದಿದ್ದು ಇಂಗ್ಲಿಷ್ ಪ್ರತಿ. ಹತ್ತು ಜನರಲ್ಲಿ ಇಂಗ್ಲಿಷನ್ನು ಸಲೀಸಾಗಿ ಓದುವವರು ನಾಲ್ಕು ಜನ. ಉಳಿದವರು ಕನ್ನಡದಲ್ಲಿ ಕಾದಂಬರಿ ಮೇಲೆ ಕಾದಂಬರಿ ಓದಿ ಬಿಸಾಡುವವರು. ಓದು ಬರದವರಲ್ಲ, ಇಂಗ್ಲಿಷ್ ಬೇಡದವರು. ಈ ವ್ಯತ್ಯಾಸ ಮರೆತು "ನಿಮಗೆ ನಾನು ಸರಳವಾಗಿ ಹೇಳ್ತೀನಿ" ಅಂತ ಶುರು ಮಾಡಿದರೆ ಕೆಟ್ಟಿರಿ.

ಜೆರಾಕ್ಸ್ ಹೊಡೆಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ನಾಲ್ಕು ಪ್ರತಿ ಕೊಳ್ಳಿ, ದುಡ್ಡು ಎಲ್ಲರೂ ಹಂಚಿಕೊಳ್ಳಿ. ಆಮೇಲೆ ಜೋಡಿ ಮಾಡಿ: ಇಂಗ್ಲಿಷ್ ಓದುವ ಒಬ್ಬರಿಗೆ ಕೇಳುವವರು ಒಬ್ಬರೋ ಇಬ್ಬರೋ. ಓದಿದವರು ಪ್ರತಿ ಅಧ್ಯಾಯವನ್ನು ಹತ್ತು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು. ಒಂದೇ ಷರತ್ತು. ಸಾರಾಂಶ ಕೂಡದು, ಕಥೆ ಹೇಳಬೇಕು. "ಈ ಅಧ್ಯಾಯದಲ್ಲಿ ಲೇಖಕಿ ಪ್ರಯಾಣದ ಮಹತ್ವ ತಿಳಿಸುತ್ತಾರೆ" ಅಂದರೆ ಯಾರು ಕೇಳುತ್ತಾರೆ? "ಬೆಳಿಗ್ಗೆ ಹೋಟೆಲಲ್ಲಿ ತಿಂಡಿ ತಿಂತಾ ಕೂತಿದ್ದಾಳೆ, ಸುತ್ತ ಚರ್ಮದ ಜಾಕೆಟ್ ಹಾಕಿದ ಬೈಕಿನವರು, ಇವಳಿಗೆ ಒಳಗೊಳಗೇ ಭಯ" ಅಂದರೆ ತರಕಾರಿ ಹೆಚ್ಚುತ್ತಿದ್ದವರೂ ಚಾಕು ಕೆಳಗಿಡುತ್ತಾರೆ. ಇದು ಪುಸ್ತಕದ ಮೊದಲಲ್ಲೇ ಬರುವ ಪ್ರಸಂಗ. ಆ ಬೈಕಿನವರ ಗುಂಪಿನ ಹೆಂಗಸೊಬ್ಬಳು ಹತ್ತಿರ ಬಂದು, ನಿಮ್ಮ ಪತ್ರಿಕೆ ಎಷ್ಟೋ ವರ್ಷದಿಂದ ಓದುತ್ತಿದ್ದೇನೆ ಅನ್ನುತ್ತಾಳೆ. ಮೊದಲೆಲ್ಲ ಗಂಡನ ಹಿಂದೆ ಕೂರುತ್ತಿದ್ದವಳು, ಮಕ್ಕಳು ದೊಡ್ಡವರಾದ ಮೇಲೆ ತನ್ನದೇ ಬೈಕ್ ಕೊಂಡಿದ್ದಾಳೆ. ನೇರಳೆ ಬಣ್ಣದ್ದು!

ಹೆಜ್ಜೆ 3: ಮೊದಲ ಪುಟದಿಂದ ಶುರು ಮಾಡಬೇಡಿ

ನನ್ನ ಲೆಕ್ಕದಲ್ಲಿ ನಮ್ಮ ಕಡೆಯವರು ಹೀಗೆ ಓದಬೇಕು.

ಮೊದಲ ಭಾನುವಾರ ಭಾರತದ ಭಾಗ. ಕಾಲೂರಲು ಜಾಗ ಸಿಗುತ್ತದೆ. ಎರಡನೇ ವಾರ ಅಪ್ಪನ ಕಥೆ ಮತ್ತು ಅಮ್ಮನದು, ಜೊತೆಗೆ ತಾನು ಯಾಕೆ ಕಾರು ಓಡಿಸುವುದಿಲ್ಲ ಅನ್ನುವ ಅಧ್ಯಾಯ. ಮೂರನೇ ವಾರ ಹೋರಾಟದ ಭಾಗಗಳು ಮತ್ತು ಅಮೆರಿಕದ ಮೂಲನಿವಾಸಿಗಳ ಅಧ್ಯಾಯ. ನಾಲ್ಕನೇ ವಾರ ಪುಸ್ತಕ ಮನೆಯಲ್ಲಿಟ್ಟು ಹೊರಗೆ ಹೋಗುವುದು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅಮೆರಿಕದ ಚುನಾವಣೆಗಳ ಅಧ್ಯಾಯ ಬೇಗ ದಾಟಿ. ಹೆಸರುಗಳ ಸಂತೆ. ಅಲ್ಲಿನವರಿಗೆ ರುಚಿ, ನಮಗೆ ಸುಮ್ನೆ ತಲೆನೋವು. ಕಾಲೇಜು ಕ್ಯಾಂಪಸ್‌ಗಳ ಅಧ್ಯಾಯವೂ ಹೆಚ್ಚುಕಮ್ಮಿ ಹಾಗೇ, ಗುಂಪಿನಲ್ಲಿ ಕಾಲೇಜು ಹುಡುಗಿಯರಿದ್ದರೆ ಮಾತ್ರ ಇಟ್ಟುಕೊಳ್ಳಿ.

ಹೆಜ್ಜೆ 4: ಎಲ್ಲರೂ ಒಂದೇ ಎತ್ತರದಲ್ಲಿ

ಭಾರತದ ಭಾಗದಲ್ಲಿ ಒಂದು ಜಾಗ ಇದೆ. ತಮಿಳುನಾಡಿನ ರಾಮನಾಡು ಸೀಮೆಯಲ್ಲಿ ಜಾತಿ ಗಲಭೆ ಆಗಿರುತ್ತದೆ. ವಿನೋಬಾ ಭಾವೆಯವರ ಕಡೆಯವರು ಮೂರು ನಾಲ್ಕು ಜನರ ತಂಡ ಮಾಡಿಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿರುತ್ತಾರೆ. ತಂಡದ ಗಂಡಸರು ಹೆಂಗಸರಿರುವ ಕಡೆ ಹೋಗುವಂತಿಲ್ಲ, ಹಾಗಾಗಿ ಒಬ್ಬಳಾದರೂ ಹೆಣ್ಣು ಬೇಕು. ಈ ಅಮೆರಿಕದ ಹುಡುಗಿಯನ್ನು ಕರೆಯುತ್ತಾರೆ. ಕೈಯಲ್ಲಿ ಒಂದು ಲೋಟ, ಒಂದು ಬಾಚಣಿಗೆ, ಅಷ್ಟೇ. ರಾತ್ರಿ ಲಾಟೀನು ಇಟ್ಟುಕೊಂಡು ಊರವರೆಲ್ಲ ಸುತ್ತ ಕೂರುತ್ತಾರೆ. ಒಬ್ಬೊಬ್ಬರೇ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಜನ ನಿನ್ನ ಮಾತು ಕೇಳಬೇಕಾದರೆ ಮೊದಲು ನೀನು ಅವರ ಮಾತು ಕೇಳು, ಅವರ ಕಣ್ಣಿಗೆ ಕಣ್ಣು ಸಮವಾಗಿ ಕೂರು ಅನ್ನುವ ಪಾಠ ಅವಳಿಗೆ ಸಿಕ್ಕಿದ್ದು ಅಲ್ಲಿ. ಮುಂದೆ ಅಮೆರಿಕದಲ್ಲಿ ಹೆಂಗಸರ ಗುಂಪುಗಳನ್ನು ಕಂಡಾಗ ಅವಳಿಗೆ ನೆನಪಾದದ್ದು ಇದೇ ಕೂಟ.

ನಾನು ಮೊದಲ ಸಲ ದಿವಾನದ ಮೇಲೆ ಕೂತು ಉಳಿದವರನ್ನು ಚಾಪೆ ಮೇಲೆ ಕೂರಿಸಿದ್ದೆ. ಆ ಅಧ್ಯಾಯವನ್ನು ಅಲ್ಲಿಂದಲೇ ಓದಿ ಹೇಳಿದ್ದು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಚಾಪೆಯಾದರೆ ಎಲ್ಲರಿಗೂ ಚಾಪೆ. ಮಂಡಿ ನೋವಿನವರು ಒಬ್ಬರಿದ್ದರೂ ಎಲ್ಲರಿಗೂ ಕುರ್ಚಿ. ನಮ್ಮನೇಲಿ ಪ್ಲಾಸ್ಟಿಕ್ ಕುರ್ಚಿ ಏಳೇ ಇದ್ದವು, ಪಕ್ಕದ ಮನೆಯಿಂದ ಮೂರು ತಂದೆವು. ದುಂಡಗೆ ಹಾಕಿ. ಟೀವಿ ಕಡೆ ಯಾರ ಮುಖವೂ ಇರಬಾರದು.

ಹೆಜ್ಜೆ 5: ಮೊದಲ ಪ್ರಶ್ನೆ

"ಪುಸ್ತಕ ಹೇಗಿತ್ತು?" ಅಂತ ಕೇಳಲೇಬೇಡಿ. "ಚೆನ್ನಾಗಿತ್ತು" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ನಾವು ಕೇಳಿದ್ದು ಎರಡು ಪ್ರಶ್ನೆ. ನೀವು ಮೊದಲ ಸಲ ಒಬ್ಬರೇ ಊರು ಬಿಟ್ಟು ಹೋಗಿದ್ದು ಯಾವಾಗ? ಯಾರನ್ನು ಕೇಳಿ ಹೋದಿರಿ?

ಮೊದಲನೆಯದಕ್ಕೆ ಸುಲಭವಾಗಿ ಉತ್ತರ ಬರುತ್ತದೆ. ಎರಡನೆಯದಕ್ಕೆ ಗುಂಪು ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನವನ್ನು ನೀವು ತುಂಬಬೇಡಿ.

ನಮ್ಮಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ಒಬ್ಬರಿದ್ದಾರೆ. ಮೊದಲ ಸುತ್ತಿನಲ್ಲಿ "ನಾನೆಲ್ಲೂ ಹೋಗಿಲ್ಲ ಮೇಡಂ, ಮುಂದಿನೋರು ಹೇಳ್ಲಿ" ಅಂದರು. ಸುತ್ತು ಮುಗಿದು ಮತ್ತೆ ಅವರ ಹತ್ತಿರ ಬಂತು. ಪರ್ಸ್ ತೆಗೆದು ಮಡಚಿದ ಒಂದು ಬಸ್ ಟಿಕೆಟ್ ಬಿಡಿಸಿದರು. ಅಕ್ಷರ ಅರ್ಧ ಅಳಿಸಿಹೋಗಿತ್ತು, ಸೊನ್ನೆ ಮಾತ್ರ ಕಾಣುತ್ತಿತ್ತು. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅದಾಗಿ ಒಂದೆರಡು ತಿಂಗಳಿಗೆ ಒಂದು ಭಾನುವಾರ ತಂಗಿ ಮನೆಗೆ ಅಂತ ಹೇಳಿ ಮೈಸೂರಿಗೆ ಹೋಗಿದ್ದಾರೆ. "ದೇವಸ್ಥಾನಕ್ಕಲ್ಲ. ಝೂ ನೋಡೋಕೆ. ಮಕ್ಕಳನ್ನ ಸ್ಕೂಲಿಂದ ಕರ್ಕೊಂಡ್ ಹೋಗಿದ್ರು, ನಾನು ನೋಡಿರ್ಲಿಲ್ಲ. ಜಿರಾಫೆ ಮುಂದೆ ಒಂದು ಗಂಟೆ ಕೂತಿದ್ದೆ." ಯಾರನ್ನು ಕೇಳಿ ಹೋದಿರಿ ಅನ್ನುವುದಕ್ಕೆ, "ಕಂಡಕ್ಟರ್‌ನ. ಆಧಾರ್ ಕಾರ್ಡ್ ತೋರಿಸ್ದೆ, ಟಿಕೆಟ್ ಕೊಟ್ರು."

ಆಮೇಲೆ ಯಾರನ್ನೂ ಮಾತಿಗೆ ಎಳೆಯಬೇಕಾಗಿ ಬರಲಿಲ್ಲ. ದಿನಾ ಬೆಂಗಳೂರಿಗೆ ಟ್ರೈನಲ್ಲಿ ಓಡಾಡುವ ಬ್ಯಾಂಕಿನ ಹುಡುಗಿ ಲೇಡೀಸ್ ಬೋಗಿಯ ಕಥೆ ತೆಗೆದಳು. 70 ಕಿಲೋಮೀಟರ್ ದಾರಿಯಲ್ಲಿ ಹೂ ಕಟ್ಟುವವರು, ಸೊಪ್ಪು ಬಿಡಿಸುವವರು, ಚೀಟಿ ಹಣ ಕಟ್ಟುವವರು, ಅತ್ತೆ ಮೇಲಿನ ದೂರು ಹೇಳಿ ಅತ್ತು ಹಗುರಾಗುವವರು. ಸ್ಟೈನಮ್ ಕೂಡ ಮೂರನೇ ದರ್ಜೆಯ ಹೆಂಗಸರ ಡಬ್ಬಿಯಲ್ಲಿ ಕೂತು ಭಾರತ ಸುತ್ತಿದ್ದಾಳೆ. ಜೊತೆಯವರು ಬುತ್ತಿ ಬಿಚ್ಚಿ ಕೊಟ್ಟಿದ್ದಾರೆ, ಮನೆವಾರ್ತೆಯೆಲ್ಲ ಕೆದಕಿ ಕೇಳಿದ್ದಾರೆ. "ಅಂದ್ರೆ ನಮ್ ಬೋಗಿನೇ" ಅಂದಳು ಹುಡುಗಿ. ಪುಸ್ತಕಕ್ಕೆ ಹೀಗೆ ಮರಳಿ ಬರುವುದು ಮುಖ್ಯ. ಸ್ವಂತ ಕಥೆ ಬರಲಿ, ಆದರೆ ಪ್ರತಿ ಅರ್ಧ ಗಂಟೆಗೊಮ್ಮೆ ಯಾರಾದರೂ ಪುಟ ತೆಗೆದು ಓದಲಿ. ಇಲ್ಲದಿದ್ದರೆ ಅದು ಓದುಗರ ಗುಂಪಲ್ಲ, ಕಾಫಿ ಕೂಟ. ಕಾಫಿ ಕೂಟವೂ ಒಳ್ಳೆಯದೇ, ಅದಕ್ಕೆ ಪುಸ್ತಕ ಯಾಕೆ ಬೇಕು?

ಹೆಜ್ಜೆ 6: ಜಾಸ್ತಿ ಮಾತಾಡುವವರು, ಮಾತೇ ಆಡದವರು

ಜಾಸ್ತಿ ಮಾತಾಡುವವರು ಯಾರೆಂದು ನನಗೆ ಗೊತ್ತು, ನಾನೇ. ನನಗೆ ಒಂದು ಕೆಲಸ ಹಚ್ಚಿದರು: ಯಾರು ಏನು ಹೇಳಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಕೈಗೆ ಕೆಲಸ ಬಿದ್ದರೆ ಬಾಯಿ ತಾನಾಗಿಯೇ ನಿಲ್ಲುತ್ತದೆ. ನಿಮ್ಮಲ್ಲೂ ಅಂಥವರಿದ್ದರೆ ಬೈಯಬೇಡಿ, ಪೆನ್ನು ಕೊಡಿ.

ಮಾತೇ ಆಡದವರಿಗೆ ಉಪಾಯ ಪುಸ್ತಕದಲ್ಲೇ ಇದೆ. ಈಗ ಲೋಕವೆಲ್ಲ ಭಾಷಣಗಾರ್ತಿ ಅಂತ ಬಲ್ಲ ಸ್ಟೈನಮ್‌ಗೆ ವೇದಿಕೆ ಅಂದರೆ ನಡುಕ ಇತ್ತು. ಹಾಗಾಗಿ ಒಬ್ಬಳೇ ಹೋಗುತ್ತಿರಲಿಲ್ಲ. ಮೊದಲು ಡೊರೊಥಿ ಪಿಟ್‌ಮನ್ ಹ್ಯೂಸ್ ಅನ್ನುವ ಕಪ್ಪು ಮಹಿಳೆಯ ಜೊತೆ, ಆಮೇಲೆ ವಕೀಲೆ ಫ್ಲೊರಿನ್ಸ್ ಕೆನೆಡಿ ಜೊತೆ ಹೋಗಿ ಇಬ್ಬರೂ ಸೇರಿ ಮಾತಾಡುತ್ತಿದ್ದರು. ನಾವೂ ಇಬ್ಬರಿಬ್ಬರಾಗಿ ಐದು ನಿಮಿಷ ಪಿಸುಮಾತು ಮಾಡಿಸಿ, ಆಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಗುಂಪಿಗೆ ಹೇಳುವಂತೆ ಮಾಡಿದೆವು. ತನ್ನದನ್ನು ಹೇಳಿಕೊಳ್ಳಲು ನಾಚುವವರು ಇನ್ನೊಬ್ಬರದನ್ನು ಎಷ್ಟು ಚೆಂದ ಹೇಳುತ್ತಾರೆ!

ಗಂಡಸರು? ನಮ್ಮಲ್ಲಿ ಇಬ್ಬರಿದ್ದರು. ನಿಯಮ ಒಂದೇ: ಯಾವ ಸುತ್ತನ್ನೂ ಅವರು ಶುರು ಮಾಡುವುದಿಲ್ಲ, ಮುಗಿಸುವುದೂ ಇಲ್ಲ. ಒಪ್ಪಿಕೊಂಡರು. ಒಬ್ಬರಂತೂ ಕುರ್ಚಿ ಹೊರುವುದನ್ನೂ ಒಪ್ಪಿಕೊಂಡರು.

ಹೆಜ್ಜೆ 7: ಅರ್ಪಣೆಯ ಪುಟ

ಈ ಪುಟದಲ್ಲಿ ಏನಿದೆ ಅಂತ ಮೊದಲೇ ಹೇಳಿ, ಆಮೇಲೆ ಓದಿ. ಪುಸ್ತಕವನ್ನು ಅರ್ಪಿಸಿರುವುದು ಲಂಡನ್ನಿನ ಡಾಕ್ಟರ್ ಜಾನ್ ಶಾರ್ಪ್ ಅವರಿಗೆ. 1957ರಲ್ಲಿ ಭಾರತಕ್ಕೆ ಬರುವ ದಾರಿಯಲ್ಲಿ ಇಪ್ಪತ್ತೆರಡು ವರ್ಷದ ಸ್ಟೈನಮ್‌ಗೆ ಗರ್ಭಪಾತ ಮಾಡಿಸಿದವರು ಅವರು. ಬ್ರಿಟನ್ನಿನಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ಅಂದರೆ ಆ ಡಾಕ್ಟರ್ ತಮ್ಮ ಕುತ್ತಿಗೆಗೆ ಬರುವಂಥ ಕೆಲಸ ಮಾಡಿದ್ದರು. ನನ್ನ ಹೆಸರು ಯಾರಿಗೂ ಹೇಳಬೇಡ, ನಿನ್ನ ಜೀವನದಲ್ಲಿ ನಿನಗೆ ಬೇಕಾದ್ದು ಮಾಡು ಅಂತ ಎರಡು ಮಾತು ತೆಗೆದುಕೊಂಡಿದ್ದರು.

ನಮ್ಮ ದೇಶದ ಕಾನೂನು ಬಂದಿದ್ದು 1971ರಲ್ಲಿ. 2021ರಲ್ಲಿ ತಿದ್ದುಪಡಿ ಆಗಿ ಕೆಲವು ಸಂದರ್ಭಗಳಿಗೆ 24 ವಾರದವರೆಗೆ ಅವಕಾಶ ಆಯಿತು. ಇದು ನಮ್ಮ ಗುಂಪಿನ ನರ್ಸ್ ಒಬ್ಬರು ಹೇಳುವವರೆಗೆ ಹಲವರಿಗೆ ಗೊತ್ತೇ ಇರಲಿಲ್ಲ. ನೀವೂ ನರ್ಸೋ ವಕೀಲರೋ ಯಾರನ್ನಾದರೂ ಆ ದಿನ ಕರೆಯಿರಿ.

ಯಾರ ಸ್ವಂತ ಅನುಭವವನ್ನೂ ಕೇಳಬೇಡಿ. ಯಾರಾದರೂ ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ, ಸಮಾಧಾನ ಹೇಳಲು ಹೋಗಬೇಡಿ. ನೋಟ್‌ಬುಕ್ ಮುಚ್ಚಿಡಿ. ವಾಟ್ಸಾಪಿನಲ್ಲಿ ಅದರ ಸುಳಿವೂ ಬರಬಾರದು. ತುಮಕೂರು ದೊಡ್ಡ ಊರೇನಲ್ಲ, ಅಲ್ವಾ?

ಹೆಜ್ಜೆ 8: ಜಗಳ ಆಗಲಿ

ಎರಡು ಮಾತು ಬಂದೇ ಬರುತ್ತವೆ.

ಒಂದು: "ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು." ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ಅನುಭವ ಮಂಟಪ ತಂದರು, ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದ ಅಕ್ಕಮಹಾದೇವಿಯನ್ನು ತಂದರು. ಮಾತು ಸರಿಯೇ. ಆದರೆ ಆ ಮಾತು ಬಂದ ಮೇಲೆ ಎಲ್ಲರೂ ಹೆಮ್ಮೆಯಿಂದ ಹಿಂದಕ್ಕೆ ಒರಗಿ ಕೂತರು. ಚರ್ಚೆ ನಿಂತುಹೋಯಿತು. ಆಗ ಒಬ್ಬ ಹುಡುಗಿ, "ಸಾರ್, ಅಕ್ಕ ಅಷ್ಟು ದೂರ ಒಬ್ರೇ ಹೋದ್ರು. ನಿಮ್ ಮಗಳನ್ನ ಕಳಿಸ್ತೀರಾ?" ಅಂದಳು. ಮೇಷ್ಟ್ರು ನಕ್ಕರು, ಆಮೇಲೆ ನಗು ನಿಲ್ಲಿಸಿ ಯೋಚನೆ ಮಾಡಿದರು.

ಇದಕ್ಕೆ ಜೋಡಿಯಾಗಿ ಪುಸ್ತಕದ ಇನ್ನೊಂದು ಪ್ರಸಂಗ ಇಡಿ. 1970ರ ದಶಕದಲ್ಲಿ ಸ್ಟೈನಮ್ ಮತ್ತು ಅವಳ ಗೆಳತಿ, ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಇಬ್ಬರೂ ಕಮಲಾದೇವಿ ಚಟ್ಟೋಪಾಧ್ಯಾಯರ ಮನೆಗೆ ಹೋಗುತ್ತಾರೆ. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ನಮ್ಮ ಮಂಗಳೂರಿನವರು. ಗಾಂಧೀಜಿಯ ಹೋರಾಟದ ದಾರಿಯನ್ನು ಹೆಂಗಸರ ಚಳವಳಿಗೆ ಹೇಗೆ ಬಳಸುವುದು ಅಂತ ಇವರ ಪ್ರಶ್ನೆ. ಕಮಲಾದೇವಿ ಎಲ್ಲಾ ಕೇಳಿಸಿಕೊಂಡು, ಗಾಂಧೀಜಿಗೆ ಅದನ್ನೆಲ್ಲ ಕಲಿಸಿದ್ದೇ ನಾವಲ್ಲವೇ ಅನ್ನುತ್ತಾರೆ. ನಮ್ಮ ಮಹಡಿಯಲ್ಲಿ ಚಪ್ಪಾಳೆ ಬಿತ್ತು.

ಎರಡನೆಯ ಮಾತು: "ಬಿಳಿಯಳು, ಫೆಲೋಶಿಪ್ ದುಡ್ಡಲ್ಲಿ ಬಂದಳು, ಎರಡು ವರ್ಷ ಇದ್ದು ಹೋದಳು. ಅವಳಿಗೇನು ಗೊತ್ತು?" ಇದನ್ನು ತಡೆಯಬೇಡಿ. ಇನ್ನೂ ಒಂದು ವಿಷಯ ನೀವೇ ಸೇರಿಸಿ. 1959ರ ವಿಯೆನ್ನಾ ಯುವಜನೋತ್ಸವಕ್ಕೆ ಅಮೆರಿಕದ ಯುವಕರನ್ನು ಕಳಿಸಿದ ಸಂಸ್ಥೆಯೊಂದರಲ್ಲಿ ಅವಳು ಕೆಲಸ ಮಾಡಿದ್ದಳು. ಅದಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದುಡ್ಡು ಬರುತ್ತಿತ್ತು ಅನ್ನುವುದು 1967ರಲ್ಲಿ ಹೊರಬಿತ್ತು. ಹಾರ ಹಾಕಿ ಪೂಜೆ ಮಾಡಲು ನಾವು ಸೇರಿಲ್ಲ.

ಆದರೆ ರಾಮನಾಡಿನ ಗಲಭೆ ಬಗ್ಗೆ ಮಾತಾಡುವಾಗ ಅದು "ಅಲ್ಲಿ, ತಮಿಳುನಾಡಲ್ಲಿ, ಆಗ" ಅಂತ ದೂರ ಜಾರದ ಹಾಗೆ ನೋಡಿಕೊಳ್ಳಿ. ನಾವು ಕೇಳಿಕೊಂಡಿದ್ದು ಇಷ್ಟೇ: ಈ ಹತ್ತು ಜನರಲ್ಲಿ ಯಾರ ಮನೆಯಲ್ಲಿ ಯಾರು ಊಟ ಮಾಡಿದ್ದೀರಿ? ಆ ಅರ್ಧ ಗಂಟೆ ಹಿತವಾಗಿರಲಿಲ್ಲ. ಆದರೆ ಅಲ್ಲಿವರೆಗೆ ನಮ್ಮ ಮನೆಯಲ್ಲೇ ನಡೆಯುತ್ತಿದ್ದ ಸಭೆ, ಮೂರನೇ ವಾರ ಗಾರ್ಮೆಂಟ್ಸ್ ಅಕ್ಕನ ಮನೆಗೆ ಹೋಯಿತು.

ಅಲ್ಲಿಯೇ ವಿಲ್ಮಾ ಮ್ಯಾನ್‌ಕಿಲ್ಲರ್ ಕಥೆ ಹೇಳಿದ್ದು. ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನವಳು, 1985ರಲ್ಲಿ ಆ ಜನಕ್ಕೆ ಮೊದಲ ಹೆಣ್ಣು ಮುಖ್ಯಸ್ಥೆಯಾದವಳು, ಸ್ಟೈನಮ್‌ನ ಜೀವದ ಗೆಳತಿ. ಅದಕ್ಕೂ ಮೊದಲು ನಲ್ಲಿ ನೀರಿಲ್ಲದ ಬೆಲ್ ಅನ್ನುವ ಹಳ್ಳಿಯ ಜನರನ್ನೇ ಕಟ್ಟಿಕೊಂಡು, ಅವರ ಕೈಯಲ್ಲೇ ಸುಮಾರು 26 ಕಿಲೋಮೀಟರ್ ಪೈಪ್ ಹಾಕಿಸಿದ್ದಳು. ಪಾವಗಡದಲ್ಲಿ ಹುಟ್ಟಿ ಬೆಳೆದ ಒಬ್ಬರು ಇಡೀ ಪುಸ್ತಕದಲ್ಲಿ ತಮಗೆ ಬೇಕಾಗಿದ್ದು ಇದೊಂದೇ ಅಂದರು. ಕೊಡ ಹೊತ್ತು ನಡೆದದ್ದೂ ಪ್ರಯಾಣ ತಾನೇ, ಅದನ್ನ ಯಾರೂ ಪ್ರವಾಸ ಅಂತ ಬರೆಯಲ್ಲ ಅಂತ ಸೇರಿಸಿದರು. ನೋಟ್‌ಬುಕ್ಕಿನಲ್ಲಿ ನಾನು ಅಡಿಗೆರೆ ಎಳೆದ ಮಾತು ಅದು.

ಹೆಜ್ಜೆ 9: ಹೊತ್ತಿಗೆ ಸರಿಯಾಗಿ ಮುಗಿಸಿ

ಐದು ಗಂಟೆ ಅಂದರೆ ಐದು ಗಂಟೆ. ಸಂಜೆ ಅಡುಗೆಗೆ ತಡವಾದರೆ ಮುಂದಿನ ವಾರ ಬರುವುದಕ್ಕೆ ಮನೆಯಲ್ಲಿ ತಕರಾರು ಶುರುವಾಗುತ್ತದೆ. ಹಾಗೆ ಆಗಬಾರದು ಅನ್ನುವುದು ಬೇರೆ ಮಾತು, ಆಗುತ್ತದೆ. ತಿಂಡಿ ಒಂದೇ ಬಗೆ, ಸರದಿ ಮೇಲೆ. ಪೈಪೋಟಿಗೆ ಬಿದ್ದು ಯಾರೂ ಕಡುಬು ಕರಿಯಬಾರದು.

ಹೆಜ್ಜೆ 10: ನಾಲ್ಕನೇ ಭಾನುವಾರ, ಲೋಟ ಮತ್ತು ಬಾಚಣಿಗೆ

ದಾರಿಯ ಪುಸ್ತಕವನ್ನು ಮನೆಯೊಳಗೇ ಮುಗಿಸಬೇಡಿ. ನಾವು ಗುಬ್ಬಿಗೆ ಹೋದೆವು. ಹತ್ತಿರದ ಊರು, ಬಸ್ಸಿಗೆ ಹೆಂಗಸರು ದುಡ್ಡು ಕೊಡಬೇಕಾಗಿಲ್ಲ. ಗಂಡಸರಿಬ್ಬರು ಟಿಕೆಟ್ ತಗೊಂಡರು, ಅದಕ್ಕೆ ಅವರನ್ನು ದಾರಿಯಿಡೀ ರೇಗಿಸಿದ್ದಾಯಿತು. ಗುಬ್ಬಿಯೇ ಯಾಕೆ? ಹೆಣ್ಣುಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ನಟಿಯರನ್ನು ರಂಗಕ್ಕೆ ತಂದವರು ಗುಬ್ಬಿ ವೀರಣ್ಣ. ಆ ಕಂಪನಿಯ ಬಿ. ಜಯಮ್ಮನಂಥ ಹೆಂಗಸರು ಊರಿಂದೂರಿಗೆ ಪೆಟ್ಟಿಗೆ ಹೊತ್ತು ತಿರುಗಿದವರು. ನಮ್ಮ ಜಿಲ್ಲೆಯಲ್ಲಿ ದಾರಿಯ ಮೇಲೆ ಬದುಕಿದ ಹೆಂಗಸರ ಬಗ್ಗೆ ಮಾತಾಡಲು ಬೇರೆ ಜಾಗ ನನಗಂತೂ ಹೊಳೆಯಲಿಲ್ಲ. ನಿಮ್ಮೂರಿಗೆ ನಿಮ್ಮದೇ ಗುಬ್ಬಿ ಹುಡುಕಿಕೊಳ್ಳಿ.

ನಿಯಮ ಮೊದಲೇ ಹೇಳಿದ್ದೆವು: ಒಬ್ಬೊಬ್ಬರು ಒಂದು ಲೋಟ, ಒಂದು ಬಾಚಣಿಗೆ. ಬೇರೇನೂ ಬೇಡ.

ಚನ್ನಬಸವೇಶ್ವರ ದೇವಸ್ಥಾನದ ಹತ್ತಿರ ನೆರಳಲ್ಲಿ ಕೂತು ಎಲ್ಲರೂ ಬ್ಯಾಗ್ ಬಿಚ್ಚಿದೆವು. ಲೋಟ ಎಲ್ಲರೂ ತಂದಿದ್ದರು. ಬಾಚಣಿಗೆ ಇದ್ದಿದ್ದು ಇಬ್ಬರ ಹತ್ತಿರ. ಮಿಕ್ಕಂತೆ ನೀರಿನ ಬಾಟ್ಲಿ, ಛತ್ರಿ, ಸ್ವೆಟರ್, ಚಾರ್ಜರ್, ಮೂರು ಡಬ್ಬಿ ಚಕ್ಕುಲಿ, ಒಂದು ಪೂರ್ತಿ ಕುಕ್ಕರ್ ಚಿತ್ರಾನ್ನ. ಒಬ್ಬರ ಬ್ಯಾಗಿನ ತಳದಲ್ಲಿ ಅವರ ಯಜಮಾನರ ಬಿಪಿ ಮಾತ್ರೆ.

"ಅವ್ರು ಮನೇಲೇ ಇದ್ದಾರಲ್ಲ, ಮಾತ್ರೆ ನಿಮ್ ಹತ್ರ ಯಾಕಿದೆ?" ಅಂತ ಬ್ಯಾಂಕಿನ ಹುಡುಗಿ ಕೇಳಿದಳು.

"ಯಾವಾಗ್ಲೂ ನನ್ ಬ್ಯಾಗಲ್ಲೇ ಇರೋದು" ಅಂದವರು ಅರ್ಧಕ್ಕೆ ನಿಲ್ಲಿಸಿ, "ಅಯ್ಯೋ" ಅಂತ ಫೋನ್ ತೆಗೆದರು. ಬಿ.ಎಚ್. ರಸ್ತೆಯಲ್ಲಿ ಯಾವ ಮೆಡಿಕಲ್ ಸ್ಟೋರ್ ಭಾನುವಾರ ತೆಗೆದಿರುತ್ತದೆ, ಮಾತ್ರೆ ಹೆಸರೇನು, ಎಷ್ಟು ಎಂಜಿ, ಎಲ್ಲಾ ಒಂದೊಂದಾಗಿ ಹೇಳಿ ಬರೆಸಿದರು. ನಾವು ಒಂಬತ್ತು ಜನ ಸುಮ್ಮನೆ ಕೇಳುತ್ತಾ ಕೂತಿದ್ದೆವು. ಫೋನ್ ಇಟ್ಟು ಅವರು ಜೋರಾಗಿ ನಕ್ಕರು. ಆ ದಿನದ ಚರ್ಚೆ ಅಲ್ಲಿಂದ ಶುರುವಾಯಿತು. ಮುಂದಿನ ಪುಸ್ತಕ ಆರಿಸುವ ಸರದಿಯನ್ನೂ ಅವರಿಗೇ ಕೊಟ್ಟೆವು.